ಅಳಿಯದ ಚೀಲ

ಪ್ರಕೃತಿಯಲ್ಲಿ ಕಸವೆಂಬುದಿಲ್ಲ. ಮರದಿಂದ ಉದುರಿದ ತರಗೆಲೆಯಾಗಲಿ, ಉಂಡು ಎಸೆದ ಮುತ್ತುಗದ ಎಲೆಯಾಗಲಿ, ಹರಿದ ಹತ್ತಿಯ ಬಟ್ಟೆಯಾಗಲಿ ಕಾಲಕ್ರಮದಲ್ಲಿ ಕೊಳೆತು ಮಣ್ಣಿನಲ್ಲಿ ಒಂದಾಗುತ್ತವೆ. ಮಣ್ಣಿನಲ್ಲಿರುವ ಅಸಂಖ್ಯಾತ ಸೂಕ್ಷ್ಮಜೀವಿಗಳು ಈ ಕಾರ್ಯವನ್ನು ಸದ್ದಿಲ್ಲದೆ ನಡೆಸುತ್ತಿರುತ್ತವೆ. ಆದರೆ ಮನುಷ್ಯನು ನಿರ್ಮಿಸಿದ ಪ್ಲಾಸ್ಟಿಕ್ ಚೀಲವು ಈ ನಿಯಮಕ್ಕೆ ಹೊರತಾದುದು.

ಚೀಲದ ಮೂಲವಸ್ತುವಾದ ಪಾಲಿಥೀನ್ ದೊರೆತದ್ದು ಆಕಸ್ಮಿಕವಾಗಿ. 1933ರಲ್ಲಿ ಇಂಗ್ಲೆಂಡಿನಲ್ಲಿ ಎರಿಕ್ ಫಾಸೆಟ್ ಮತ್ತು ರೆಜಿನಾಲ್ಡ್ ಗಿಬ್ಸನ್ ಎಂಬ ರಸಾಯನವಿಜ್ಞಾನಿಗಳು ಎಥಿಲೀನ್ ಅನಿಲವನ್ನು ಅತಿಯಾದ ಒತ್ತಡಕ್ಕೆ ಒಳಪಡಿಸಿದಾಗ ಮೇಣದಂತಹ ಬಿಳಿಯ ಪದಾರ್ಥವೊಂದು ಉಂಟಾಯಿತು. 1960ರ ದಶಕದಲ್ಲಿ ಸ್ವೀಡನ್ ದೇಶದ ಸ್ಟೆನ್ ಗುಸ್ತಾಫ್ ತುಲಿನ್ ಇದರಿಂದ ಹಿಡಿಕೆಯುಳ್ಳ ಚೀಲವನ್ನು ರೂಪಿಸಿದನು. ಅದು ಹಗುರ, ಅಗ್ಗ. ನೀರಿಗೆ ನೆನೆಯುವುದಿಲ್ಲ, ಕೊಳೆಯುವುದಿಲ್ಲ. ಪಾಲಿಥೀನಿನ ಒಂದೊಂದು ಅಣುವೂ ಸಾವಿರಾರು ಇಂಗಾಲದ ಪರಮಾಣುಗಳ ಉದ್ದನೆಯ ಸರಪಳಿ. ಈ ಸರಪಳಿಯನ್ನು ಸೂಕ್ಷ್ಮಜೀವಿಗಳು ಸುಲಭವಾಗಿ ಕಡಿಯಲಾರವು. ಹೀಗೆ ಬಳಸುವಾಗ ಗುಣವೆನಿಸಿದ್ದೇ ಬಿಸುಟ ಬಳಿಕ ದೋಷವಾಗುತ್ತದೆ. ಅಂಗಡಿಯಿಂದ ಮನೆಯವರೆಗೆ ಮಾತ್ರ ಉಪಯೋಗಕ್ಕೆ ಬಂದ ಚೀಲವು ತಲೆಮಾರುಗಳ ಕಾಲ ನೆಲದಲ್ಲಿ ಉಳಿಯುತ್ತದೆ.

ಈ ಚೀಲಗಳು ಗಾಳಿಗೆ ಹಾರಿ, ಮಳೆಯ ನೀರಿನಲ್ಲಿ ತೇಲಿ, ಚರಂಡಿಗಳನ್ನು ಸೇರುತ್ತವೆ. ಬಾಂಗ್ಲಾದೇಶದಲ್ಲಿ 1988 ಮತ್ತು 1998ರಲ್ಲಿ ಮಹಾ ಪ್ರವಾಹಗಳುಂಟಾದಾಗ ಪಾಲಿಥೀನ್ ಚೀಲಗಳು ಚರಂಡಿಗಳನ್ನು ಕಟ್ಟಿದ್ದರಿಂದ ನೀರು ಬೇಗನೆ ಇಳಿಯದೆ ಜನರ ಸಂಕಟ ಹೆಚ್ಚಿತು. ಈ ಅನುಭವದಿಂದ ಪಾಠ ಕಲಿತ ಆ ದೇಶವು 2002ರಲ್ಲಿ ತೆಳುವಾದ ಪಾಲಿಥೀನ್ ಚೀಲಗಳನ್ನು ನಿಷೇಧಿಸಿತು. ಜಗತ್ತಿನಲ್ಲಿ ಇಂತಹ ಕ್ರಮವನ್ನು ಕೈಗೊಂಡ ಮೊದಲ ದೇಶ ಅದೇ. ಪ್ರವಾಹವಿಲ್ಲದ ಕಾಲದಲ್ಲಿಯೂ ಅಪಾಯ ತಪ್ಪಿದ್ದಲ್ಲ. ಬಿಸುಟ ಚೀಲದ ಮಡಿಕೆಗಳಲ್ಲಿ ನಿಂತ ಅಷ್ಟಿಷ್ಟು ನೀರು ಡೆಂಗೆ ಜ್ವರವನ್ನು ಹರಡುವ ಸೊಳ್ಳೆಗಳ ಸಂತಾನವೃದ್ಧಿಗೆ ಸಾಕಾಗುತ್ತದೆ.

ಇದರಿಂದ ಅತ್ಯಂತ ದಾರುಣವಾದ ಯಾತನೆಗೆ ಗುರಿಯಾಗುವುದು ಮೂಕಪ್ರಾಣಿಗಳು. ಅಡುಗೆಮನೆಯ ತರಕಾರಿ ಸಿಪ್ಪೆಯನ್ನೂ ಉಳಿದ ಅನ್ನವನ್ನೂ ಚೀಲದಲ್ಲಿ ತುಂಬಿ, ಗಂಟು ಹಾಕಿ ಬೀದಿಗೆ ಎಸೆಯುವುದುಂಟು. ಹಸಿದ ಹಸುವಿಗೆ ಗಂಟು ಬಿಚ್ಚಲು ಬರುವುದಿಲ್ಲ. ಅದು ಚೀಲವನ್ನೂ ಸೇರಿಸಿ ನುಂಗುತ್ತದೆ. ಹಸುವಿನ ಜಠರದಲ್ಲಿ ನಾಲ್ಕು ಕೋಣೆಗಳಿವೆ. ಮೊದಲನೆಯ ದೊಡ್ಡ ಕೋಣೆಯಲ್ಲಿ ಮೇವು ನೆನೆದು, ಮೆಲುಕಿಗೆ ಬಂದು, ನುಣುಪಾದ ಬಳಿಕ ಮುಂದೆ ಸಾಗುತ್ತದೆ. ಚೀಲವಾದರೋ ನುಣುಪಾಗದು, ಕರಗದು, ಮುಂದಕ್ಕೂ ಸಾಗದು. ದಿನದಿನವೂ ಸೇರಿದ ಚೀಲಗಳು ಒಂದಕ್ಕೊಂದು ಹೆಣೆದುಕೊಂಡು ಗಟ್ಟಿಯಾದ ಮುದ್ದೆಯಾಗುತ್ತವೆ. ಹೊಟ್ಟೆ ತುಂಬಿದಂತೆ ತೋರುವ ಹಸು ಮೇವು ಬಿಡುತ್ತದೆ, ಹಾಲು ಬತ್ತುತ್ತದೆ, ಕಡೆಗೆ ಹಸಿವಿನಿಂದಲೇ ಸಾಯುತ್ತದೆ. ಪಶುವೈದ್ಯರು ಶಸ್ತ್ರಕ್ರಿಯೆ ನಡೆಸಿ ಒಂದೇ ಹಸುವಿನ ಹೊಟ್ಟೆಯಿಂದ ಹತ್ತಾರು ಕಿಲೋಗ್ರಾಂ ಪ್ಲಾಸ್ಟಿಕ್ ಹೊರತೆಗೆದ ಉದಾಹರಣೆಗಳಿವೆ. ಸಮುದ್ರದ ಆಮೆಗಳು ಕೂಡ ತೇಲುವ ಚೀಲವನ್ನು ಅಂಬಲಿ ಮೀನೆಂದು ಭ್ರಮಿಸಿ ನುಂಗುತ್ತವೆ.

ಹಾಗಾದರೆ ಸುಟ್ಟುಬಿಡಬಹುದಲ್ಲವೇ? ಅದು ಇನ್ನೊಂದು ಕೇಡಿಗೆ ದಾರಿ. ಬೀದಿಬದಿಯ ಬೆಂಕಿಯಲ್ಲಿ ಅರೆಬೆಂದ ಪ್ಲಾಸ್ಟಿಕ್ಕು ಕಾರ್ಬನ್ ಮಾನಾಕ್ಸೈಡನ್ನೂ ಶ್ವಾಸಕೋಶಕ್ಕೆ ಹಾನಿಮಾಡುವ ಮಸಿಯನ್ನೂ ಉಗುಳುತ್ತದೆ. ಕಸದಲ್ಲಿ ಪಿ.ವಿ.ಸಿ. ಬೆರೆತಿದ್ದರೆ ಡಯಾಕ್ಸಿನ್ ಎಂಬ ಘೋರ ವಿಷವೂ ಹುಟ್ಟುತ್ತದೆ. ಸುಡದೆ ಬಿಟ್ಟರೆ ಚೀಲವು ಬಿಸಿಲಿಗೆ ಪುಡಿಪುಡಿಯಾಗುತ್ತದೆಯೇ ಹೊರತು ಇಲ್ಲವಾಗುವುದಿಲ್ಲ. ಪ್ಲಾಸ್ಟಿಕ್ಕಿನ ಅತಿಸೂಕ್ಷ್ಮ ಕಣಗಳು ನೀರಿನಲ್ಲಿಯೂ ಉಪ್ಪಿನಲ್ಲಿಯೂ ಕಂಡುಬಂದಿವೆ. ಮನುಷ್ಯನ ರಕ್ತದಲ್ಲಿಯೂ ಅವು ಇರುವುದನ್ನು ವಿಜ್ಞಾನಿಗಳು 2022ರಲ್ಲಿ ಪ್ರಕಟಿಸಿದರು.

ಕರ್ನಾಟಕ ಸರ್ಕಾರವು 2016ರಲ್ಲಿ ಪ್ಲಾಸ್ಟಿಕ್ ಚೀಲಗಳ ತಯಾರಿಕೆ, ಮಾರಾಟ ಮತ್ತು ಬಳಕೆಯನ್ನು ನಿಷೇಧಿಸಿತು. 120 ಮೈಕ್ರಾನಿಗಿಂತ ತೆಳುವಾದ ಚೀಲಗಳನ್ನು 2022ರ ಡಿಸೆಂಬರ್ 31ರಿಂದ ದೇಶದಾದ್ಯಂತ ನಿಷೇಧಿಸಲಾಯಿತು. ತೀರ ತೆಳುವಾದ ಚೀಲಗಳಿಂದ ಚಿಂದಿ ಆಯುವವರಿಗೂ ಲಾಭವಿಲ್ಲ. ಆದುದರಿಂದಲೇ ಅವು ಬಿದ್ದಲ್ಲೇ ಉಳಿಯುತ್ತವೆ. ಆದರೆ ಕಾನೂನೊಂದರಿಂದಲೇ ಎಲ್ಲವೂ ಸರಿಹೋಗದು. ಸಂತೆಗೆ ಹೊರಡುವಾಗ ಗೂಟಕ್ಕೆ ತೂಗುಹಾಕಿದ ಬಟ್ಟೆಯ ಚೀಲವನ್ನು ಹೆಗಲಿಗೇರಿಸುವ ಹಳೆಯ ವಾಡಿಕೆ ಕಷ್ಟವಾದುದೇನಲ್ಲ. ಹಸಿಕಸವನ್ನು ಬೇರ್ಪಡಿಸಿ ಗೊಬ್ಬರದ ಗುಂಡಿಗೆ ಹಾಕುವುದೂ ಅಸಾಧ್ಯವಲ್ಲ. ಕ್ಷಣದ ಅನುಕೂಲಕ್ಕಾಗಿ ಮುಂದಿನವರ ನೆಲವನ್ನು ಕೆಡಿಸುವ ಹಕ್ಕು ಯಾರಿಗೂ ಇಲ್ಲ.