ಹಿತಕಿದ ಅವರೆಯೂ ಮಾಂಟೆಸ್ಸರಿ ಪಾಠವೇ

ಮಾಗಿ ಕಾಲದಲ್ಲಿ ಹೊಸಕೋಟೆ, ದೇವನಹಳ್ಳಿ ಕಡೆಯ ಮನೆಗಳ ಜಗಲಿಯ ಮೇಲೆ ಅವರೆಕಾಯಿ ರಾಶಿ ಬೀಳುತ್ತದೆ. ಅಜ್ಜಿ ಸುಲಿಯುತ್ತಿದ್ದರೆ ಪಕ್ಕದಲ್ಲಿ ಕೂತ ಮೂರೂವರೆ ವರ್ಷದ ಮೊಮ್ಮಗಳು ನೆನೆದ ಕಾಳನ್ನು ಬೆರಳ ತುದಿಯಲ್ಲಿ ಒತ್ತಿ ಬೇಳೆ ಚಿಮ್ಮಿಸುತ್ತಾಳೆ. ಮಾಂಟೆಸ್ಸರಿ ತರಗತಿಯಲ್ಲಿ ಮರದ ಸಿಲಿಂಡರಿನ ಪುಟ್ಟ ಹಿಡಿಯನ್ನು ಎತ್ತುವುದೂ ಅದೇ ಬೆರಳು, ನಾಳೆ ಪೆನ್ಸಿಲ್ ಹಿಡಿಯುವುದೂ ಅದೇ ಬೆರಳು.

ಆ ತರಗತಿಯ ಮೊದಲ ಭಾಗವೇ ಮನೆಗೆಲಸ. ನೀರು ಸುರಿಯುವುದು, ಕಾಳು ಆರಿಸುವುದು, ಮೇಜು ಒರೆಸುವುದು, ಗುಂಡಿ ಹಾಕುವುದು. ಬೆಳಗ್ಗೆ ಚಪ್ಪಲಿ ಜೋಡಿಸಿಟ್ಟು ಒಳಬಂದ ಮಗು ಚಾಪೆ ಹಾಸಿ, ಕಪಾಟಿನಿಂದ ತನಗೆ ಬೇಕಾದ್ದನ್ನು ತಂದುಕೊಳ್ಳುತ್ತದೆ. ಮುಗಿದ ಮೇಲೆ ಇದ್ದಲ್ಲೇ ಇಡುತ್ತದೆ. ಸುಮಾರು ಮೂರು ಗಂಟೆಗಳ ಕಾಲ ನಡುವೆ ಬೆಲ್ಲು ಹೊಡೆಯುವುದಿಲ್ಲ. ಪ್ರತಿ ಸಾಮಗ್ರಿಯೂ ಒಂದೊಂದೇ ಇರುವುದರಿಂದ ಇನ್ನೊಬ್ಬರು ಮುಗಿಸುವವರೆಗೆ ಕಾಯಬೇಕು. ಈ ಕಾಯುವಿಕೆ ನನಗೆ ಎಲ್ಲಕ್ಕಿಂತ ದೊಡ್ಡ ಪಾಠವಾಗಿ ಕಾಣುತ್ತದೆ.

ಇಂದ್ರಿಯಗಳ ಭಾಗದಲ್ಲಿ ಒಂದು ಸೆಂಟಿಮೀಟರಿನಿಂದ ಹತ್ತು ಸೆಂಟಿಮೀಟರಿನವರೆಗಿನ 10 ಗುಲಾಬಿ ಘನಗಳ ಗೋಪುರವಿದೆ. ಬಟ್ಟೆ ತುಂಡುಗಳ ಪೆಟ್ಟಿಗೆಯೂ ಉಂಟು. ಕಣ್ಣು ಕಟ್ಟಿಕೊಂಡು ಮುಟ್ಟಿ ಜೋಡಿ ಹುಡುಕಬೇಕು. ಮಗ್ಗಗಳ ಊರಾದ ದೊಡ್ಡಬಳ್ಳಾಪುರದಲ್ಲಿ ಆ ಪೆಟ್ಟಿಗೆಗೆ ಕಾಸು ಖರ್ಚು ಮಾಡಬೇಕಿಲ್ಲ. ಗಣಿತದಲ್ಲಿ ಬಿಡಿ ಮಣಿ ಒಂದು, ಸರ ಹತ್ತು, ಚೌಕ ನೂರು, ಘನ ಸಾವಿರ. ಸಾವಿರ ಎಷ್ಟು ಭಾರವೆಂದು ಮಗುವಿನ ಅಂಗೈಗೇ ಗೊತ್ತಾಗುತ್ತದೆ.

ಭಾಷೆಯ ಭಾಗಕ್ಕೆ ಬಂದರೆ ಕನ್ನಡದ ಕಥೆ ಬೇರೆ. ಉಪ್ಪುಕಾಗದದಲ್ಲಿ ಕತ್ತರಿಸಿದ ಅಕ್ಷರದ ಮೇಲೆ ಬೆರಳಾಡಿಸುತ್ತಾ ಮಗು ಅದರ ಧ್ವನಿಯನ್ನು ಹೇಳುತ್ತದೆ. ನಮ್ಮಲ್ಲಿ ಅಕ್ಷರದ ಹೆಸರೂ ಧ್ವನಿಯೂ ಒಂದೇ, ಅದು ನಮಗೆ ಸಿಕ್ಕ ವರ. ಕಷ್ಟ ಬರುವುದು ಬಿಡಿ ಅಕ್ಷರ ಜೋಡಿಸಿ ಪದ ಕಟ್ಟುವಾಗ. ಈ ಪದ್ಧತಿ ಹುಟ್ಟಿದ ಇಟಲಿಯ ಮಗು ಅಕ್ಷರಗಳನ್ನು ಸಾಲಾಗಿ ಇಡುತ್ತಾ ಹೋದರೆ ಸಾಕು. ನಮ್ಮ ಮಗುವಿಗೆ ಗುಡಿಸು, ಕೊಂಬು, ದೀರ್ಘ ಬೇಕು. ಅಮ್ಮ, ಅಪ್ಪ, ಅಕ್ಕ, ಅಣ್ಣ, ಅಜ್ಜಿ: ಎದೆಗೆ ಹತ್ತಿರದ ಪದಗಳಿಗೆಲ್ಲ ಒತ್ತಕ್ಷರ! ಹಾಗಾಗಿ ಸರ, ಮರ, ರಥ, ಕಮಲಗಳಿಂದ ಹೊರಟು ಕಾಗುಣಿತ ದಾಟಿ ಅಮ್ಮನನ್ನು ಮುಟ್ಟಬೇಕು. ಈ ದಾರಿಯನ್ನು ಕನ್ನಡದ ಟೀಚರುಗಳೇ ಕಟ್ಟಬೇಕು, ಬೇರೆ ಭಾಷೆಯ ಕೈಪಿಡಿಯಲ್ಲಿ ಅದು ಸಿಗುವುದಿಲ್ಲ.

ಮರಿಯಾ ಮಾಂಟೆಸ್ಸರಿ 1907ರ ಜನವರಿ 6ರಂದು ರೋಮ್‌ನ ಸ್ಯಾನ್ ಲೊರೆಂಜೊದಲ್ಲಿ ಮಕ್ಕಳ ಮನೆ ತೆರೆದದ್ದು ಕೂಲಿಕಾರರ ಮಕ್ಕಳಿಗೆ. 1939ರಲ್ಲಿ ಮದ್ರಾಸಿನ ಅಡ್ಯಾರಿಗೆ ಬಂದವರು ಯುದ್ಧದ ಕಾರಣ 1946ರವರೆಗೂ ಭಾರತದಲ್ಲೇ ಉಳಿದು ಶಿಕ್ಷಕರನ್ನು ತಯಾರುಮಾಡಿದರು. ಇಂದು ನೆಲಮಂಗಲದ ಹೆದ್ದಾರಿ ಬದಿಯಲ್ಲಿ ಆ ಹೆಸರು ಕಂಡರೆ ಪೋಷಕರಿಗೆ ಮೊದಲು ನೆನಪಾಗುವುದು ಫೀಸು. ಯಾವ ಶಾಲೆ ಬೇಕಾದರೂ ಆ ಹೆಸರನ್ನು ಬೋರ್ಡಿಗೆ ಬರೆಸಿಕೊಳ್ಳಬಹುದು. ಒಳಗೆ ಹೋಗಿ ಚಾಪೆ, ಕಪಾಟು ಎಲ್ಲಿವೆ, ಮಕ್ಕಳ ಕೈಯಲ್ಲಿ ಏನಿದೆ ಎಂದು ನೋಡಬೇಕಾದವರು ನಾವು.

ಆದ್ದರಿಂದಲೇ 2024ರಲ್ಲಿ ರಾಜ್ಯ ಸರ್ಕಾರ ಅಂಗನವಾಡಿಗಳನ್ನು ‘ಸರ್ಕಾರಿ ಮಾಂಟೆಸ್ಸರಿ’ಗಳಾಗಿ ಮೇಲ್ದರ್ಜೆಗೇರಿಸಲು ಹೊರಟಾಗ ನನಗೆ ಸಂತೋಷವಾಯಿತು. ಆ ಹೆಸರು ಬಡವರ ಮಕ್ಕಳ ಹತ್ತಿರ ಮರಳಿ ಬಂತು. ಬೋರ್ಡಿನ ಜೊತೆಗೆ ಕಾರ್ಯಕರ್ತೆಯರಿಗೆ ತರಬೇತಿ, ಸಾಮಗ್ರಿ, ಮತ್ತು ದಾಖಲೆ ಪುಸ್ತಕ ಬಿಟ್ಟು ಮಕ್ಕಳ ಜೊತೆ ಕೂರುವಷ್ಟು ಹೊತ್ತು ಸಿಗಲಿ.

ಮನೆಯಲ್ಲಿ ನಾವೂ ಬದಲಾಗಬೇಕು. ಬೆಳಗ್ಗೆ ವ್ಯಾನ್ ಹಾರ್ನ್ ಹೊಡೆಯುತ್ತದೆ, ಮಗು ಇನ್ನೂ ಅಂಗಿಯ ಎರಡನೇ ಗುಂಡಿಯ ಹತ್ತಿರವೇ ಇರುತ್ತದೆ, ನಮ್ಮ ಕೈ ತಡೆಯಲಾರದೆ ಮುಂದೆ ಹೋಗುತ್ತದೆ. ‘ನಾನೇ ಹಾಕ್ಕೋತೀನಿ’ ಅಂತ ಅದು ಕೈ ದೂಡಿದರೆ, ಹತ್ತು ನಿಮಿಷ ಮುಂಚೆ ಎಬ್ಬಿಸಬೇಕಿತ್ತು ಎಂದು ಅರ್ಥ.