ಸವೆಯಲೆಂದೇ ಇರುವ ಶೂ

ನಮ್ಮ ನುಗ್ಗೇಹಳ್ಳಿ ಸುತ್ತಮುತ್ತ ಬೈಕಿನ ಹಿಂದಿನ ಸೀಟು ಮನುಷ್ಯರಿಗಿಂತ ಹೆಚ್ಚಾಗಿ ಮೂಟೆ ಹೊತ್ತಿದೆ. ತೋಟದಿಂದ ಮನೆಗೆ ತೆಂಗಿನಕಾಯಿ, ಮನೆಯಿಂದ ತಿಪಟೂರಿಗೆ ಕೊಬ್ಬರಿ, ಎರಡು ಹೊತ್ತು ಡೇರಿಗೆ ಹಾಲಿನ ಕ್ಯಾನು, ನಡುವೆ ಹಸುವಿಗೆ ಹುಲ್ಲಿನ ಹೊರೆ. ಭಾರವೆಲ್ಲ ಹಿಂದಿನ ಚಕ್ರದ ಮೇಲೆ. ತೋಟದ ದಾರಿಯ ಸಡಿಲ ಮಣ್ಣಿನಲ್ಲಿ ಮುಂದಿನ ಬ್ರೇಕು ಬಿಗಿಯಾಗಿ ಹಿಡಿದರೆ ಚಕ್ರ ಜಾರುತ್ತದೆ. ಹಾಗಾಗಿ ಎಲ್ಲರ ಬಲಗಾಲೂ ಹಿಂದಿನ ಬ್ರೇಕಿನ ಮೇಲೇ ಇರುತ್ತದೆ, ಕೆಲವರದು ಬೇಡದಿದ್ದಾಗಲೂ.

ನನ್ನ ಸೋದರಮಾವ ಮೆಕ್ಯಾನಿಕ್ ಅಲ್ಲ, ತೆಂಗು ರಾಗಿ ಬೆಳೆಯುವವರು. ಆದರೂ ತಮ್ಮ ಸ್ಪ್ಲೆಂಡರಿನ ಹಿಂದಿನ ಬ್ರೇಕ್ ಶೂ ಬದಲಾಯಿಸುವ ಕೆಲಸವನ್ನು ಬೇರೆ ಯಾರಿಗೂ ಕೊಡುವುದಿಲ್ಲ. ಮನೆ ಮುಂದಿನ ಸಿಮೆಂಟು ನೆಲದ ಮೇಲೆ ಗಾಡಿಗೆ ಡಬಲ್ ಸ್ಟ್ಯಾಂಡ್ ಹಾಕಿ, ಪಕ್ಕದಲ್ಲಿ ಹಳೇ ಗೋಣಿಚೀಲ ಹಾಸಿಕೊಂಡು ಕೂತರೆ ಒಂದು ಒಂದೂವರೆ ಗಂಟೆಯ ಕೆಲಸ. ಅಷ್ಟೂ ಹೊತ್ತು ಪಕ್ಕದಲ್ಲಿ ಕೂತು ನೋಡುವುದು ನನಗೆ ಇಷ್ಟ.

ಡ್ರಮ್ ಬ್ರೇಕಿನ ಒಳಗುಟ್ಟು ಬಹಳ ಸರಳ. ಚಕ್ರದ ನಡುವಿನ ಹಬ್ಬಿನೊಳಗೆ ದುಂಡನೆಯ ಬೀಡುಕಬ್ಬಿಣದ ಗೋಡೆ; ಈ ಗಾಡಿಯಲ್ಲಿ ಅದರ ವ್ಯಾಸ 130 ಮಿಲಿಮೀಟರು. ಅದರೊಳಗೆ ಅರ್ಧಚಂದ್ರದಂಥ ಎರಡು ಶೂ, ಅವುಗಳ ಬೆನ್ನಿಗೆ ಅಂಟಿಸಿದ ಲೈನರು. ಎರಡೂ ಶೂಗಳ ಒಂದು ತುದಿ ಕದಲದ ಪಿನ್ನಿಗೆ ಒರಗಿದೆ, ಇನ್ನೊಂದು ತುದಿಗಳ ನಡುವೆ ಚಪ್ಪಟೆ ಕ್ಯಾಮು ನಿಂತಿದೆ. ಪೆಡಲ್ ತುಳಿದರೆ ಕ್ಯಾಮು ಓರೆಯಾಗಿ ತಿರುಗಿ ಶೂಗಳನ್ನು ಅಗಲಿಸುತ್ತದೆ. ತಿರುಗುವ ಡ್ರಮ್ಮು ಒಂದು ಶೂವನ್ನು ತಾನೇ ಇನ್ನಷ್ಟು ತನ್ನತ್ತ ಎಳೆದುಕೊಳ್ಳುತ್ತದೆ. ಎರಡು ಮೂಟೆ ಹೊತ್ತ ಗಾಡಿಯನ್ನು ಒಂದು ಪಾದದ ಬಲ ನಿಲ್ಲಿಸುವುದರಲ್ಲಿ ಅದರ ಪಾಲೂ ಇದೆ. ಕಾಲು ತೆಗೆದರೆ ಸ್ಪ್ರಿಂಗುಗಳು ಶೂಗಳನ್ನು ಮತ್ತೆ ಮಡಿಲಿಗೆ ಸೇರಿಸುತ್ತವೆ.

ಈ ಜೋಡಿಯಲ್ಲಿ ಸವೆಯಬೇಕಾದದ್ದು ಲೈನರು, ಉಳಿಯಬೇಕಾದದ್ದು ಡ್ರಮ್ಮು. ಮಾವನ ಎಚ್ಚರವೆಲ್ಲ ಈ ಒಂದು ಮಾತಿನ ಸುತ್ತ. ಪೆಡಲ್ ಕೆಳಗಿಳಿಯಿತೆಂದರೆ ರಾಡಿನ ತುದಿಯ ನಟ್ಟನ್ನು ಎರಡು ಸುತ್ತು ಬಿಗಿ ಮಾಡಿ ಮರೆತುಬಿಡುವುದು ನಮ್ಮೆಲ್ಲರ ರೂಢಿ. ಅವರು ಹಾಗೆ ಬಿಡುವವರಲ್ಲ, ಬಾಣ ನೋಡುತ್ತಾರೆ. ರಾಡು ಎಳೆಯುವ ಪುಟ್ಟ ತೋಳಿನ ಬುಡದಲ್ಲಿ ಒಂದು ಬಾಣದ ಗುರುತಿದೆ, ಬ್ರೇಕ್ ಪ್ಲೇಟಿನ ಮೇಲೆ ಇನ್ನೊಂದು ಗುರುತು. ಪೆಡಲ್ ಪೂರ್ತಿ ಒತ್ತಿದಾಗ ಎರಡೂ ಎದುರುಬದುರಾದರೆ ಶೂ ಮುಗಿಯಿತು. ಬಿಚ್ಚಿ ಅಳೆದರೆ ಲೈನರು ಸುಮಾರು 2 ಮಿಲಿಮೀಟರಿಗೆ ಇಳಿದಿರುತ್ತದೆ. ಅದನ್ನೂ ಮೀರಿ ಓಡಿಸಿದರೆ ಶೂವಿನ ಲೋಹವೇ ಡ್ರಮ್ಮನ್ನು ಕೆರೆಯತೊಡಗುತ್ತದೆ. ಆಗ ಕಡಿಮೆ ದುಡ್ಡಿನಲ್ಲಿ ಮುಗಿಯುವ ಕೆಲಸ ಹಬ್ಬಿನ ಬೆಲೆಗೆ ಹೋಗಿ ನಿಲ್ಲುತ್ತದೆ.

ಬಿಚ್ಚುವಾಗ ರಾಡಿನ ನಟ್ಟು, ಸ್ಪ್ರಿಂಗು, ತೋಳಿನೊಳಗಿನ ಗುಂಡು ಪಿನ್ನು, ಬ್ರೇಕ್ ಪ್ಲೇಟು ತಿರುಗದಂತೆ ಹಿಡಿದಿರುವ ಪಟ್ಟಿಯ ಬೋಲ್ಟು, ಆಕ್ಸಲ್ಲು, ಅದರ ಬುಷ್ಷು, ಎಲ್ಲವನ್ನೂ ಬಿಚ್ಚಿದ ಕ್ರಮದಲ್ಲೇ ಗೋಣಿಯ ಮೇಲೆ ಸಾಲಾಗಿ ಇಡುತ್ತಾರೆ. ಜೋಡಿಸುವಾಗ ಬಲಗಡೆಯಿಂದ ಎತ್ತಿಕೊಳ್ಳುತ್ತಾ ಬಂದರಾಯಿತು. ಈ ಗಾಡಿಯಲ್ಲಿ ಚೈನು ಬಿಚ್ಚಬೇಕಾಗಿಲ್ಲ. ಸ್ಪ್ರಾಕೆಟ್ಟು ತನ್ನ ಜಾಗದಲ್ಲೇ ಉಳಿದು, ಚಕ್ರ ಮಾತ್ರ ರಬ್ಬರುಗಳಿಂದ ಕಳಚಿಕೊಂಡು ಬರುತ್ತದೆ.

ಮೊದಲ ಸಲ ನೋಡಿದಾಗ ಡ್ರಮ್ಮಿನೊಳಗೆ ಕಪ್ಪು ಪುಡಿ ತುಂಬಿತ್ತು. ಊದಲು ನಾನು ಬಾಯಿ ಮುಂದೆ ಮಾಡಿದೆ.

"ಏಯ್, ಊದಬೇಡ ಕಣೋ!" ಅಂದರು. "ಅದು ಬರೀ ಧೂಳಲ್ಲ."

ಹಳೆಯ ಕಾಲದ ಲೈನರುಗಳಲ್ಲಿ ಕಲ್ನಾರು ಬೆರೆಸುತ್ತಿದ್ದರು. ಅದರ ಕಣ್ಣಿಗೆ ಕಾಣದ ಎಳೆ ಶ್ವಾಸಕೋಶದಲ್ಲಿ ನೆಟ್ಟುಕೊಂಡರೆ ಎಷ್ಟೋ ವರ್ಷಗಳ ಮೇಲೆ ಕ್ಯಾನ್ಸರ್ ಆಗಬಹುದು. ಈಗ ಕಲ್ನಾರಿಲ್ಲದ ಶೂ ಸಿಗುತ್ತವೆ, ಆದರೆ ಒಳಗಿರುವುದು ಯಾವುದೆಂದು ನೋಡಿ ಹೇಳಲಾಗುವುದಿಲ್ಲ. ಮಾವ ಮೂಗಿಗೆ ಟವೆಲ್ ಕಟ್ಟಿ, ಒದ್ದೆ ಬಟ್ಟೆಯಲ್ಲಿ ಮೆಲ್ಲಗೆ ಒರೆಸಿ, ಬಟ್ಟೆಯನ್ನು ಕವರಿಗೆ ಹಾಕಿ ಗಂಟು ಕಟ್ಟುತ್ತಾರೆ. ಕಂಪ್ರೆಸರ್ ಗಾಳಿ ಹಿಡಿಯುವ ಮೆಕ್ಯಾನಿಕ್‌ಗಳೂ ಇದನ್ನು ಕಲಿಯಬೇಕು.

ಆಮೇಲೆ ಬೆರಳು. ಡ್ರಮ್ಮಿನ ಒಳಗೋಡೆಯ ಮೇಲೆ ಉಗುರನ್ನು ಅಡ್ಡಕ್ಕೆ ಎಳೆಯುತ್ತಾರೆ. ಉಗುರು ಸರಾಗ ಜಾರಿದರೆ ಸಂತೋಷ. ಮೆರುಗು ಕಟ್ಟಿದ್ದರೆ ಎಮರಿ ಪೇಪರಿನಲ್ಲಿ ಹಗುರಾಗಿ ಉಜ್ಜಿದರೆ ಸಾಕು. ಗೀರು ಆಳವಾಗಿ ಉಗುರು ಸಿಕ್ಕಿಕೊಂಡರೆ ಲೇತಿನಲ್ಲಿ ಕಡೆಸಬೇಕು, ಅದೂ ಅಚ್ಚೊತ್ತಿದ ಗರಿಷ್ಠ ಅಳತೆ ದಾಟದಂತೆ. ಕಡೆಯುವುದು ಅನ್ನುವಾಗೆಲ್ಲ ನನಗೆ ನಮ್ಮೂರ ಲಕ್ಷ್ಮೀನರಸಿಂಹ ದೇವಸ್ಥಾನ ನೆನಪಾಗುತ್ತದೆ. ಹೊಯ್ಸಳ ದೊರೆ ವೀರಸೋಮೇಶ್ವರನ ಕಾಲದಲ್ಲಿ, 1246ರಲ್ಲಿ, ಬೊಮ್ಮಣ್ಣ ದಂಡನಾಯಕ ಕಟ್ಟಿಸಿದ್ದು. ಬೈಚೋಜ, ಮಲ್ಲಿತಮ್ಮ ಎಂಬ ಶಿಲ್ಪಿಗಳ ಹೆಸರು ಅಲ್ಲಿ ಉಳಿದಿದೆ. ಒಳಗಿನ ಬಳಪದ ಕಲ್ಲಿನ ಕಂಬಗಳು ಕಡೆದವು. ಅವುಗಳ ಉಂಗುರದಂಥ ಏಣುಗಳ ಮೇಲೆ ಕೈಯಾಡಿಸಿದರೆ ಎಲ್ಲಿಯೂ ಉಬ್ಬಿಲ್ಲ, ತಗ್ಗಿಲ್ಲ. ದುಂಡನ್ನು ದುಂಡಾಗಿಯೇ ಉಳಿಸಬೇಕೆಂಬ ಹಟ ಆ ಕೈಗಳಿಗೂ ಇತ್ತು, ಡ್ರಮ್ಮಿನೊಳಗೆ ಉಗುರು ಎಳೆಯುವ ಈ ಕೈಗೂ ಇದೆ.

ಕ್ಯಾಮನ್ನು ಕಳಚಿ ತುಕ್ಕು ಒರೆಸಿ, ಅದಕ್ಕೂ ಪಿನ್ನಿಗೂ ಅಕ್ಕಿಕಾಳಿನಷ್ಟು ಗ್ರೀಸು ಸವರುತ್ತಾರೆ. ಜಾಸ್ತಿಯಾದರೆ ಬಿಸಿಗೆ ಕರಗಿ ಲೈನರಿಗೆ ಹರಿಯುತ್ತದೆ. ಜಿಡ್ಡು ಕುಡಿದ ಲೈನರನ್ನು ಎಸೆಯುವುದೇ. ಹೊಸ ಶೂಗಳನ್ನು ಅಂಚಿನಲ್ಲಷ್ಟೇ ಹಿಡಿದು, ಎರಡಕ್ಕೂ ಸ್ಪ್ರಿಂಗು ಸಿಕ್ಕಿಸಿ, ತೆರೆದ ಪುಸ್ತಕದ ಹಾಗೆ ಮಡಚಿ ಪಿನ್ನಿಗೂ ಕ್ಯಾಮಿಗೂ ತುದಿಗಳನ್ನು ಕೂರಿಸಿ, ಎರಡೂ ಹೆಬ್ಬೆರಳಿನಿಂದ ಒತ್ತುತ್ತಾರೆ. ಟಪ್ ಎಂದು ಕೂರುತ್ತವೆ. ಸ್ಕ್ರೂಡ್ರೈವರ್ ಹಾಕಿ ಸ್ಪ್ರಿಂಗು ಎಳೆದಾಡುವವರ ಬೆರಳು ಗಾಯವಾಗುವುದು ಇಲ್ಲೇ.

ಚಕ್ರ ಏರಿಸಿದ ಮೇಲೆ ಒಂದು ಸೂಕ್ಷ್ಮವಿದೆ. ಪಟ್ಟಿ, ರಾಡು ಎಲ್ಲ ಜೋಡಿಸಿ, ಆಕ್ಸಲ್ ನಟ್ಟನ್ನು ಪೂರ್ತಿ ಬಿಗಿಯುವ ಮುಂಚೆ ನನ್ನ ಕೈಲಿ ಪೆಡಲ್ ಒತ್ತಿಸುತ್ತಾರೆ. "ಬಿಡಬೇಡ, ಹಂಗೇ ಹಿಡ್ಕೊ." ಶೂಗಳು ಡ್ರಮ್ಮನ್ನು ತಬ್ಬಿದಾಗ ಪ್ಲೇಟು ತಾನಾಗಿ ನಡುವಿಗೆ ಬರುತ್ತದೆ, ಆ ಸ್ಥಿತಿಯಲ್ಲೇ ನಟ್ಟು ಬಿಗಿದರೆ ಎರಡೂ ಶೂ ಸಮನಾಗಿ ಮುಟ್ಟುತ್ತವೆ. ಪಟ್ಟಿಯ ಬೋಲ್ಟಿಗೆ ಹೊಸ ಕಾಟರ್ ಪಿನ್ನೇ ಆಗಬೇಕು. ಕಡೆಗೆ ರಾಡಿನ ನಟ್ಟು: ಪೆಡಲ್ ಹಿಡಿಯುವ ಮುಂಚೆ 20ರಿಂದ 30 ಮಿಲಿಮೀಟರು ಸಡಿಲ ಇರಬೇಕು, ಬಿಟ್ಟಾಗ ಚಕ್ರ ತಡೆಯಿಲ್ಲದೆ ತಿರುಗಬೇಕು. ನಟ್ಟಿನ ತಗ್ಗು ಗುಂಡು ಪಿನ್ನಿಗೆ ಸರಿಯಾಗಿ ಕೂತಿದೆಯೋ ಇಲ್ಲವೋ ಎಂದು ಬಗ್ಗಿ ನೋಡುತ್ತಾರೆ.

ಹೊಸ ಶೂ ಡ್ರಮ್ಮಿಗೆ ಹೊಂದಿಕೊಳ್ಳುವವರೆಗೆ ಹಿಡಿತ ಕಡಿಮೆ. ಅದಕ್ಕೆ ಮೊದಲ ಕೆಲವು ದಿನ ಮೂಟೆ ಹೇರುವುದಿಲ್ಲ. ಅವತ್ತು ಮೊದಲು ಅಂಗಳದಲ್ಲೇ ನಿಧಾನಕ್ಕೆ ಓಡಿಸಿ ಬ್ರೇಕು ಹಿಡಿಯುವುದನ್ನು ಖಾತ್ರಿ ಮಾಡಿಕೊಂಡು, ದೇವಸ್ಥಾನದ ಬೀದಿ ದಾಟಿ ಸ್ವಲ್ಪ ದೂರ, ಆದಷ್ಟು ಬ್ರೇಕು ಮುಟ್ಟದೆ ಹೋಗಿ ಬಂದರು. ಇಳಿದವರೇ ಬಗ್ಗಿ ಬೆರಳ ಹಿಂಭಾಗವನ್ನು ಹಬ್ಬಿಗೆ ತಾಗಿಸಿದರು. ಶೂ ಒಳಗೆ ಉಜ್ಜುತ್ತಿದ್ದರೆ ಅದು ಸುಡಬೇಕಿತ್ತು.

"ಮುಟ್ಟಿ ನೋಡು" ಅಂದರು.

ತಣ್ಣಗಿತ್ತು.