ಬೇಸಗೆಯ ಸಂಜೆಗೆ ಮೂರು ಮಿಶ್ರಪಾನೀಯಗಳು

ಬೇಸಗೆ ಬಂದಿತೆಂದರೆ ಮುಂಬಯಿಯ ಖೋಲಿಗಳಲ್ಲಿ ವಾಸಿಸುವ ನಮ್ಮವರಿಗೆ ರಾತ್ರಿಯ ನಿದ್ರೆಯೂ ದುರ್ಲಭವಾಗುತ್ತದೆ. ಹಗಲೆಲ್ಲ ಒಲೆಯ ಮುಂದೆ ಬೆವರುವ ಅಡಿಗೆಯವರೂ, ಲೋಕಲ್ ಗಾಡಿಯಲ್ಲಿ ನಿಂತೇ ಮರಳುವ ಗುಮಾಸ್ತರೂ ಆ ಹೊತ್ತಿನಲ್ಲಿ ಬಯಸುವುದು ಒಂದು ಲೋಟ ತಂಪಾದ ಪಾನೀಯವನ್ನು. ಊರಿನಿಂದ ನೆಂಟರು ಬಂದಿದ್ದರಂತೂ ಈ ಬಯಕೆಯೊಡನೆ ಮರ್ಯಾದೆಯ ಪ್ರಶ್ನೆಯೂ ಸೇರಿಕೊಳ್ಳುತ್ತದೆ.

ನಾವು ಹೋಟೆಲು ನಡೆಸುತ್ತಿದ್ದ ಕಾಲದ ಒಂದು ಪ್ರಸಂಗವನ್ನು ಇಲ್ಲಿ ಹೇಳಬೇಕು. 2015ರ ಜೂನ್ ತಿಂಗಳಲ್ಲಿ ಮುಂಬಯಿಯ ಮಾಲವಣಿಯಲ್ಲಿ ಮೆಥನಾಲ್ ಬೆರೆತ ಕಳ್ಳಭಟ್ಟಿಯನ್ನು ಕುಡಿದು ನೂರಕ್ಕೂ ಹೆಚ್ಚು ಮಂದಿ ಪ್ರಾಣ ನೀಗಿದರು. ಆ ದುರ್ವಾರ್ತೆ ಇನ್ನೂ ಎಲ್ಲರ ಬಾಯಲ್ಲಿದ್ದಾಗಲೇ ನಮ್ಮಲ್ಲಿ ಸಪ್ಲೈಯರ್ ಆಗಿದ್ದ ತರುಣನೊಬ್ಬನು ಗಲ್ಲಾಪೆಟ್ಟಿಗೆಯ ಬಳಿ ಬಂದು ಸಂಬಳದಲ್ಲಿ ಮುಂಗಡ ಕೇಳಿದನು. ಊರಿನಿಂದ ಅವನ ಭಾವ ಬಂದಿದ್ದನಂತೆ. "ಮುಂಬಯಿಯಲ್ಲಿದ್ದೂ ಭಾವನಿಗೆ ಒಂದು ಗ್ಲಾಸು ಕೊಡದೆ ಕಳುಹಿಸಿದರೆ ಊರಿನಲ್ಲಿ ಏನೆಂದಾರು, ಧಣಿ?" ಎಂದು ಅವನ ವಾದ. ಅಗ್ಗದ ಸರಕು ದೊರೆಯುವ ಠಾವೂ ಅವನಿಗೆ ಗೊತ್ತಿತ್ತು.

ನಾವು ಗದರಿಸಬೇಕೆನ್ನುವಷ್ಟರಲ್ಲಿ ಒಳಗಿನಿಂದ ನಮ್ಮ ಅಡಿಗೆಯ ಭಟ್ಟರು, "ಭಾವನನ್ನು ಇಲ್ಲಿಗೇ ಕರೆದುಕೊಂಡು ಬಾ ಮಾರಾಯ, ಗ್ಲಾಸು ನಾನು ಕೊಡುತ್ತೇನೆ" ಎಂದರು. ಸಂಜೆ ಅವರು ಅನಾನಸಿನ ರಸಕ್ಕೆ ತೆಂಗಿನ ಹಾಲು ಬೆರೆಸಿ ಕೊಟ್ಟರು. ಭಾವನು ಎರಡನೆಯ ಗ್ಲಾಸನ್ನು ಕೇಳಿ ಪಡೆದನು. ಹುಡುಗನ ಮಾನ ಉಳಿಯಿತು. ಮಾನಕ್ಕಿಂತ ಹೆಚ್ಚಿನದೂ ಉಳಿದಿರಬಹುದೆಂದು ನಾವು ಇಂದಿಗೂ ನಂಬಿದ್ದೇವೆ.

ಭಟ್ಟರಿಗೆ ತಿಳಿಯದಿದ್ದರೂ ಅವರು ಮಾಡಿದ್ದು ಜಗತ್ಪ್ರಸಿದ್ಧವಾದ ಪಾನೀಯ. ಪೋರ್ಟೊ ರಿಕೊ ದ್ವೀಪದವರು ಅದಕ್ಕೆ ರಮ್ ಬೆರೆಸಿ 'ಪಿನಾ ಕೊಲಾಡಾ' ಎನ್ನುತ್ತಾರೆ. 1978ರಲ್ಲಿ ಅಲ್ಲಿಯ ಸರ್ಕಾರವು ಅದನ್ನು ತಮ್ಮ ನಾಡಿನ ಅಧಿಕೃತ ಪಾನೀಯವೆಂದೇ ಸಾರಿತು. ಕ್ಯೂಬಾದವರ 'ಮೊಹಿಟೊ' ನಿಂಬೆ, ಪುದೀನ, ಸಕ್ಕರೆ, ಸೋಡಾ ಮತ್ತು ರಮ್‌ಗಳ ಕೂಟ. ಅನಾನಸು ಅಮೆರಿಕದಿಂದ ಪೋರ್ತುಗೀಸರ ಮೂಲಕ ನಮ್ಮ ಕರಾವಳಿಗೆ ಬಂದಿತು. ಕಬ್ಬು, ನಿಂಬೆಗಳು ಏಷ್ಯದ ಕಡೆಯಿಂದ ಅತ್ತ ಹೋದವು. ಆದುದರಿಂದ ರಮ್ಮನ್ನು ಬಿಟ್ಟರೆ ಉಳಿಯುವುದೆಲ್ಲ ನಮಗೆ ಪರಿಚಿತವಾದ ಸಾಮಗ್ರಿಯೇ. ಮಹಾರಾಷ್ಟ್ರದಲ್ಲಿ 1949ರ ಪಾನನಿರೋಧ ಕಾಯಿದೆಯಂತೆ ಮದ್ಯಪಾನಕ್ಕೆ ಪರವಾನಗಿ ಬೇಕೆಂಬುದನ್ನೂ ವಾಚಕರು ಮರೆಯಲಾಗದು. ಕೆಳಗಿನ ಮೂರಕ್ಕೆ ಯಾರ ಪರವಾನಗಿಯೂ ಬೇಡ.

ಮೊದಲು ಸಕ್ಕರೆಯ ಪಾಕ. ತಣ್ಣೀರಿನಲ್ಲಿ ಸಕ್ಕರೆ ಬೇಗ ಕರಗದು. ಆದುದರಿಂದ ಒಂದು ಅಳತೆ ಸಕ್ಕರೆಗೆ ಒಂದು ಅಳತೆ ನೀರು ಹಾಕಿ, ಕರಗುವವರೆಗೆ ಕಾಯಿಸಿ, ಆರಿಸಿ ಬಾಟಲಿಯಲ್ಲಿ ತುಂಬಿಡಬೇಕು.

ಅನಾನಸು-ತೆಂಗು: ಇಬ್ಬರಿಗೆ 250 ಮಿಲಿಲೀಟರು ಅನಾನಸಿನ ರಸ, 100 ಮಿಲಿಲೀಟರು ದಪ್ಪ ತೆಂಗಿನ ಹಾಲು, ಎರಡು ದೊಡ್ಡ ಚಮಚ ಪಾಕ, ಅರ್ಧ ನಿಂಬೆಯ ರಸ, ಒಂದು ಚಿಟಿಕೆ ಉಪ್ಪು. ಬಿಗಿಯಾದ ಮುಚ್ಚಳದ ಸ್ಟೀಲು ಡಬ್ಬಿಯಲ್ಲಿ ಮಂಜುಗಡ್ಡೆಯೊಡನೆ ಹಾಕಿ ಚೆನ್ನಾಗಿ ಕುಲುಕಿ ಕೂಡಲೇ ಕುಡಿಯಬೇಕು. ತೆಂಗಿನ ಹಾಲಿಗೆ ಬದಲಾಗಿ ಹಸುವಿನ ಹಾಲನ್ನು ಹಾಕಬಾರದು; ಹಸಿ ಅನಾನಸಿನ ರಸ ಸೇರಿದರೆ ಹಾಲು ಒಡೆದು ಕಹಿಯಾಗುತ್ತದೆ.

ನಿಂಬೆ-ಪುದೀನ: ಒಬ್ಬರಿಗೆ ಎಂಟು ಹತ್ತು ಪುದೀನದ ಎಲೆ, ಒಂದು ನಿಂಬೆಯ ರಸ, ಎರಡು ದೊಡ್ಡ ಚಮಚ ಪಾಕ. ಎಲೆಗಳನ್ನು ಪಾಕದಲ್ಲಿ ಚಮಚದ ಹಿಂಬದಿಯಿಂದ ಮೆಲ್ಲನೆ ಒತ್ತಬೇಕು. ಅರೆದರೆ ಕಹಿ ಬಿಡುತ್ತದೆ. ಸೋಡಾವನ್ನು ಕಟ್ಟಕಡೆಗೆ ಸುರಿಯಬೇಕು. ಸೋಡಾ ಹಾಕಿದ ಮೇಲೆ ಕುಲುಕಬಾರದು.

ಪುನರ್ಪುಳಿ: ಕರಾವಳಿಯವರ ಪುನರ್ಪುಳಿ, ಉತ್ತರ ಕನ್ನಡದವರ ಮುರುಗಲು, ಮುಂಬಯಿಯ ಅಂಗಡಿಯಲ್ಲಿ ಕೋಕಂ ಎಂಬ ಹೆಸರಿನಿಂದ ದೊರೆಯುತ್ತದೆ. ಉಪ್ಪು ಹಚ್ಚಿದ್ದರೆ ತೊಳೆದುಕೊಳ್ಳಬೇಕು. ಹತ್ತು ಒಣ ಸಿಪ್ಪೆಗಳನ್ನು ಒಂದು ಲೋಟ ನೀರಿನಲ್ಲಿ ಎರಡು ಮೂರು ತಾಸು ನೆನೆಸಿ, ಕಿವುಚಿ ಸೋಸಿ, ರುಚಿಗೆ ತಕ್ಕಷ್ಟು ಬೆಲ್ಲ, ಚಿಟಿಕೆ ಜೀರಿಗೆಯ ಪುಡಿ ಸೇರಿಸಿ, ಇನ್ನೊಂದು ಲೋಟ ನೀರು ಬೆರೆಸಬೇಕು. ಇದಕ್ಕೆ ಮಂಜುಗಡ್ಡೆಯೂ ಬೇಡ, ಮಡಕೆಯ ನೀರು ಸಾಕು. ಹುಳಿಯನ್ನು ಅಲ್ಯೂಮಿನಿಯಂ ಪಾತ್ರೆಯಲ್ಲಿ ಇಡಬಾರದು.

ಮಂಜುಗಡ್ಡೆಯ ವಿಷಯದಲ್ಲಿ ಒಂದು ಎಚ್ಚರಿಕೆ. ಮೀನು ಕೆಡದಂತೆ ಇರಿಸಲು ಬಳಸುವ ದೊಡ್ಡ ಗಡ್ಡೆಗಳು ಕುಡಿಯುವುದಕ್ಕಾಗಿ ಮಾಡಿದವಲ್ಲ. ಕಾಯಿಸಿ ಆರಿಸಿದ ನೀರಿನಿಂದ ಮಾಡಿದ ಮಂಜುಗಡ್ಡೆ ದೊರೆತರೆ ಹಾಕಿರಿ, ಇಲ್ಲವಾದರೆ ಬಿಡಿರಿ.

ಶ್ರೀರಾಮನವಮಿಯಂದು ಬೆಲ್ಲ, ಶುಂಠಿ, ಏಲಕ್ಕಿಗಳ ಪಾನಕವನ್ನು ಬಂದವರಿಗೆಲ್ಲ ಹಂಚುವ ಜನ ನಾವು. ಅದನ್ನು ಕುಡಿದವರಾರೂ ತಮಗೆ ಉಪಚಾರ ಸಾಲದಾಯಿತೆಂದು ದೂರಿದ್ದನ್ನು ನಾವು ಕೇಳಿಲ್ಲ. ಈ ಬೇಸಗೆಯಲ್ಲಿ ಊರಿನಿಂದ ಭಾವನೋ ಗೆಳೆಯನೋ ಬಂದಾಗ, ನಮ್ಮ ಹೋಟೆಲು ಬಂಧುಗಳು ಮುಂಗಡಕ್ಕಾಗಿ ಧಣಿಯ ಬಳಿ ನಿಲ್ಲುವ ಮೊದಲು ಈ ಮೂರರಲ್ಲಿ ಒಂದನ್ನು ಮಾಡಿ ಕೊಡಲಿ ಎಂದು ನಮ್ಮ ವಿನಂತಿ.